ಜೇಮ್ಸನೈಟ್ ಚೀಟಿಯ ಜೊತೆ ಬಂದ ಬೂಲಾಂಜರೈಟ್: ಒಂದು ಪ್ರಕರಣ ಅಧ್ಯಯನ

ಮಲ್ಲೇಶ್ವರದ ಹಳೆಯ ಮನೆಯೊಂದರಿಂದ ಒಂದು ಮರದ ಪೆಟ್ಟಿಗೆ ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಬಂತು. ಒಳಗೆ ಖನಿಜದ ಮಾದರಿಗಳಿದ್ದವು. ಕೂಡಿಟ್ಟವರು ಗಣಿ ಎಂಜಿನಿಯರ್ ಆಗಿದ್ದ ಹಿರಿಯರು, ಈಗಿಲ್ಲ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವ ಮೊದಲು ಅವರ ಸೊಸೆ ಪೆಟ್ಟಿಗೆಯನ್ನು ನಮಗೆ ಕೊಟ್ಟರು. ಹೆಚ್ಚಿನವನ್ನು ಗುರುತಿಸಲು ಕಷ್ಟವಾಗಲಿಲ್ಲ. ಕೆಜಿಎಫ್‌ನ ಬೆಣಚುಕಲ್ಲು, ಚಿತ್ರದುರ್ಗದ ಇಂಗಳದಾಳದ ತಾಮ್ರದ ಅದಿರು, ಸಂಡೂರಿನ ಕಬ್ಬಿಣದ ಅದಿರು. ಇವೆಲ್ಲ ನಮ್ಮ ಕಪಾಟಿನಲ್ಲಿ ಮೊದಲೇ ಇದ್ದವು.

ಒಂದು ಮಾದರಿ ಮಾತ್ರ ಬೇರೆ. ಮುಷ್ಟಿಗಿಂತ ಸ್ವಲ್ಪ ಚಿಕ್ಕ ಕಲ್ಲು. ಬಿಳಿ ಕ್ಯಾಲ್ಸೈಟ್, ಅದರ ನಡುವೆ ಹಳದಿ ಹೊಳಪಿನ ಪೈರೈಟ್, ಅಲ್ಲಲ್ಲಿ ಸೀಸದ ಅದಿರಾದ ಗಲೀನಾದ ಚೌಕ ಮುಖಗಳು. ಕಲ್ಲಿನ ಒಂದು ಬದಿಯ ಗುಂಡಿಯಲ್ಲಿ ಪಾತ್ರೆ ಉಜ್ಜುವ ಉಕ್ಕಿನ ನಾರಿನಂತೆ ಮುದ್ದೆಯಾಗಿ ನಿಂತ ಬೂದು ಎಳೆಗಳು. ಅದರ ಮೇಲೆ ಹತ್ತಿ ಒತ್ತಿ ಇಟ್ಟಿದ್ದರು. ಜೊತೆಗೆ ಟೈಪ್ ಮಾಡಿದ ಚೀಟಿ: ಜೇಮ್ಸನೈಟ್, ತ್ರೆಪ್ಚಾ, ಯುಗೊಸ್ಲಾವಿಯ. ತಾರೀಖು ಇರಲಿಲ್ಲ.

ಅಲಿಪ್ತ ಚಳವಳಿಯ ಕಾಲದಲ್ಲಿ ಮಾವ ತರಬೇತಿಗೆ ಅಂತ ಆ ಕಡೆ ಹೋಗಿದ್ದರು ಎಂದು ಸೊಸೆ ಹೇಳಿದರು. ಅವರ ಪ್ರಶ್ನೆ ಎರಡೇ. "ಸರ್, ಇದು ವಿಷಾನಾ? ಮನೇಲಿ ಮಕ್ಕಳು ಇದನ್ನ ಮುಟ್ಟಿ ಆಡಿದ್ದಾರೆ. ಆಮೇಲೆ, ಇದಕ್ಕೆ ಬೆಲೆ ಏನಾದ್ರೂ ಇದ್ಯಾ?" ನಮ್ಮ ವಿಭಾಗದಲ್ಲಿ ಪ್ರಾಕ್ಟಿಕಲ್ ನೋಡಿಕೊಳ್ಳುವ ಮೇಡಂ ಅವರದ್ದು ಮೂರನೆಯ ಪ್ರಶ್ನೆ. ಈ ಕಲ್ಲನ್ನು ಪರೀಕ್ಷೆಯಲ್ಲಿ ಗುರುತಿಸುವ ಮಾದರಿಯಾಗಿ ಇಡಬಹುದಾ? ಹಾಗೆ ಇಟ್ಟರೆ ಸರಿಯುತ್ತರ ಯಾವುದು?

ಮೂರಕ್ಕೂ ಉತ್ತರ ಕೊಡಬೇಕಾದರೆ ಚೀಟಿಯಲ್ಲಿರುವ ಹೆಸರು ನಿಜವೇ ಅಂತ ಮೊದಲು ನೋಡಬೇಕಿತ್ತು. ನನಗೆ ಶುರುವಿನಲ್ಲೇ ಅನುಮಾನ ಇತ್ತು. ಇಂಥ ಬೂದು ಎಳೆಗಳಿಗೆ ಹಿಂದೆಲ್ಲ ಜೇಮ್ಸನೈಟ್ ಅಂತಲೋ ಪ್ಲುಮೊಸೈಟ್ ಅಂತಲೋ ಹೆಸರು ಬರೆದುಬಿಡುತ್ತಿದ್ದರು. ಈಗ ಪ್ಲುಮೊಸೈಟ್ ಎಂಬ ಹೆಸರೇ ಖನಿಜಗಳ ಪಟ್ಟಿಯಲ್ಲಿಲ್ಲ.

ಯಾವ ಜಾತಿಯ ಖನಿಜ ಇದು

ಸಲ್ಫೋಸಾಲ್ಟ್ ಅನ್ನುವುದು ಒಂದು ದೊಡ್ಡ ಕುಟುಂಬ. ಸೀಸ, ಬೆಳ್ಳಿ, ತಾಮ್ರದಂಥ ಲೋಹ ಒಂದು ಕಡೆ. ಆರ್ಸೆನಿಕ್, ಆಂಟಿಮನಿ ಅಥವಾ ಬಿಸ್ಮತ್ ಇನ್ನೊಂದು ಕಡೆ. ಎರಡನ್ನೂ ಹಿಡಿದು ನಿಲ್ಲಿಸುವುದು ಗಂಧಕ. ನಮ್ಮ ಮಾದರಿ ಇವುಗಳಲ್ಲಿ ಸೀಸ ಮತ್ತು ಆಂಟಿಮನಿ ಇರುವ ಗುಂಪಿನದ್ದು.

ಈ ಗುಂಪಿನಲ್ಲಿ ಎಳೆ ಎಳೆಯಾಗಿ ಬೆಳೆಯುವ ಹೆಸರುವಾಸಿ ಖನಿಜಗಳು ಎರಡು. ಜೇಮ್ಸನೈಟ್‌ಗೆ 1825ರಲ್ಲಿ ಆಸ್ಟ್ರಿಯಾದ ಖನಿಜ ವಿಜ್ಞಾನಿ ಹೈಡಿಂಗರ್ ಹೆಸರಿಟ್ಟ. ಸ್ಕಾಟ್ಲೆಂಡಿನ ಖನಿಜ ವಿಜ್ಞಾನಿ ರಾಬರ್ಟ್ ಜೇಮ್ಸನ್ ನೆನಪಿಗೆ. ಬೂಲಾಂಜರೈಟ್ ಹೆಸರು ಬಂದದ್ದು 1837ರಲ್ಲಿ, ಫ್ರಾನ್ಸಿನ ಗಣಿ ಎಂಜಿನಿಯರ್ ಶಾರ್ಲ್ ಬೂಲಾಂಜೆಯಿಂದ. ದಕ್ಷಿಣ ಫ್ರಾನ್ಸಿನ ಮೋಲಿಯೇರ್‌ನಲ್ಲಿ ಸಿಕ್ಕಿದ ಈ ಖನಿಜವನ್ನು ಆತ ಎರಡು ವರ್ಷ ಮೊದಲೇ ವಿವರಿಸಿದ್ದ.

ಪರಮಾಣುಗಳ ಲೆಕ್ಕದಲ್ಲಿ ಇವುಗಳ ಕೂಡಿಕೆ ನೋಡಿ. ಬೂಲಾಂಜರೈಟ್‌ನಲ್ಲಿ 5 ಸೀಸಕ್ಕೆ 4 ಆಂಟಿಮನಿ, 11 ಗಂಧಕ. ಜೇಮ್ಸನೈಟ್‌ನಲ್ಲಿ 4 ಸೀಸಕ್ಕೆ 6 ಆಂಟಿಮನಿ, 14 ಗಂಧಕ, ಮತ್ತೆ 1 ಕಬ್ಬಿಣ. ತೂಕದ ಲೆಕ್ಕದಲ್ಲಿ ಬೂಲಾಂಜರೈಟ್‌ನ ಶೇ. 55ರಷ್ಟು ಸೀಸವೇ. ಜೇಮ್ಸನೈಟ್‌ನಲ್ಲಿ ಅದು ಶೇ. 40. ಕಬ್ಬಿಣ ಬರೀ ಶೇ. 2.7. ಈ ಚಿಕ್ಕ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಈ ಪ್ರಕರಣದಲ್ಲಿ ಜಾಸ್ತಿ ತಲೆ ತಿಂದದ್ದು ಇದೇ.

ಎರಡೂ ಯಾಕೆ ಎಳೆಯಾಗಿ ಬೆಳೆಯುತ್ತವೆ? ಆಂಟಿಮನಿ ಪರಮಾಣು ಮೂರು ಗಂಧಕದ ಜೊತೆ ಮಾತ್ರ ಗಟ್ಟಿಯಾಗಿ ಕೂಡುತ್ತದೆ. ಬಂಧಕ್ಕೆ ಸೇರದ ಒಂದು ಜೋಡಿ ಎಲೆಕ್ಟ್ರಾನ್ ಇನ್ನೊಂದು ಬದಿಯಲ್ಲಿ ಜಾಗ ಹಿಡಿದು ಕೂತಿರುತ್ತದೆ. ಆ ಬದಿಯಲ್ಲಿ ಹಿಡಿತ ಸಡಿಲ. ಹಾಗಾಗಿ ರಚನೆ ಎಲ್ಲ ದಿಕ್ಕಿಗೂ ಒಂದೇ ಸಮ ಬೆಳೆಯುವುದಿಲ್ಲ. ಪರಮಾಣುಗಳು ಉದ್ದುದ್ದ ಸರಳುಗಳಾಗಿ ಜೋಡಿಸಿಕೊಳ್ಳುತ್ತವೆ. ಉದ್ದದ ದಿಕ್ಕಿನಲ್ಲಿ ಎರಡೂ ಖನಿಜದ ಮೂಲ ವಿನ್ಯಾಸ ಸುಮಾರು 4 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಒಮ್ಮೆ ಮರುಕಳಿಸುತ್ತದೆ. ಒಳಗಿನ ಅಳತೆಯೇ ಇಷ್ಟು ಹತ್ತಿರ ಇದ್ದ ಮೇಲೆ ಹೊರಗಿನ ರೂಪದಲ್ಲಿ ವ್ಯತ್ಯಾಸ ಕಾಣದಿರುವುದು ಆಶ್ಚರ್ಯವೇನಲ್ಲ, ಅಲ್ವಾ?

ಕೈಯಲ್ಲಿ ಮಾಡುವ ಪರೀಕ್ಷೆಗಳು

ಮೊದಲು ಸ್ಟಿಬ್ನೈಟನ್ನು ಪಕ್ಕಕ್ಕಿಟ್ಟೆವು. ಅದು ಆಂಟಿಮನಿ ಮತ್ತು ಗಂಧಕ ಮಾತ್ರ ಇರುವ ಖನಿಜ, ಅದೂ ಬೂದು, ಅದೂ ಸೂಜಿ ಸೂಜಿ. ಕಾಸ್ಟಿಕ್ ಪೊಟ್ಯಾಷ್ ದ್ರಾವಣದ ಹನಿ ಬಿದ್ದರೆ ಸ್ಟಿಬ್ನೈಟ್ ಮೇಲೆ ಕೇಸರಿ ಬಣ್ಣದ ಪದರ ಬರುತ್ತದೆ. ಮುರಿದು ಬಿದ್ದಿದ್ದ ಎಳೆಗಳ ಮೇಲೆ ಹಾಕಿ ನೋಡಿದೆವು, ಏನೂ ಆಗಲಿಲ್ಲ.

ಗಡಸುತನ ಅಳೆಯುವುದು ಇಲ್ಲಿ ಸುಮ್ನೆ. ಪುಸ್ತಕದಲ್ಲಿ ಬೂಲಾಂಜರೈಟ್‌ಗೆ 2.5ರಿಂದ 3, ಜೇಮ್ಸನೈಟ್‌ಗೆ 2.5 ಅಂತ ಇದೆ. ಕೂದಲೆಳೆಗಿಂತ ತೆಳ್ಳಗಿನ ಹರಳನ್ನು ಗೀಚುವುದು ಹೇಗೆ? ಸಾಪೇಕ್ಷ ಸಾಂದ್ರತೆಯ ಅಂತರ ಒಳ್ಳೆಯದಿದೆ, ಬೂಲಾಂಜರೈಟ್‌ಗೆ 6.2ರ ಆಸುಪಾಸು, ಜೇಮ್ಸನೈಟ್‌ಗೆ 5.6. ಆದರೆ ನೀರಲ್ಲಿ ತೂಗಬೇಕಾದರೆ ಶುದ್ಧ ತುಂಡು ಬೇಕು. ನಮ್ಮ ಕಲ್ಲಿನಲ್ಲಿ ಕ್ಯಾಲ್ಸೈಟ್, ಪೈರೈಟ್, ಗಲೀನಾ ಎಲ್ಲ ಸೇರಿವೆ. ತೂಗಿದರೆ ಸಿಗುವುದು ಆ ಮಿಶ್ರಣದ ಸಾಂದ್ರತೆ ಅಷ್ಟೇ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಕಂದು ಛಾಯೆಯ ಬೂದು ಗೆರೆ ಬಂತು. ಬೂಲಾಂಜರೈಟ್‌ಗೆ ಅದು ಒಪ್ಪುತ್ತದೆ. ಆದರೆ ಇಷ್ಟು ತೆಳು ಗೆರೆಯಲ್ಲಿ ಬೂದು ಎಷ್ಟು, ಕಂದು ಎಷ್ಟು ಅಂತ ಜಗಳ ಆಡಿದರೆ ಮುಗಿಯುವುದೇ ಇಲ್ಲ.

ಕೈ ಪರೀಕ್ಷೆಗಳಲ್ಲಿ ನನಗೆ ಸ್ವಲ್ಪ ನಂಬಿಕೆ ಇರುವುದು ಬಗ್ಗಿಸಿ ನೋಡುವುದರಲ್ಲಿ. ಜೇಮ್ಸನೈಟ್‌ಗೆ ಎಳೆಗೆ ಅಡ್ಡವಾಗಿ ಒಳ್ಳೆಯ ಸೀಳು ಇದೆ. ಹಾಗಾಗಿ ಅದು ಪಟ್ಟನೆ ಅಡ್ಡಕ್ಕೆ ತುಂಡಾಗುತ್ತದೆ. ಬೂಲಾಂಜರೈಟ್‌ನ ಸೀಳು ಉದ್ದಕ್ಕೆ, ಎಳೆ ಬಗ್ಗುತ್ತದೆ. ಕೆಲವು ಗಣಿಗಳಲ್ಲಿ ಅದು ತಾನಾಗಿಯೇ ಸುತ್ತಿಕೊಂಡು ಉಂಗುರವಾಗಿ ಸಿಗುತ್ತದೆ. ಭೂತಗನ್ನಡಿಯ ಕೆಳಗೆ ಸೂಜಿಯಿಂದ ತಳ್ಳಿದಾಗ ನಮ್ಮ ಎಳೆಗಳು ಬಾಗಿದವು, ಬಿಟ್ಟಾಗ ಪೂರ್ತಿ ಅಲ್ಲದಿದ್ದರೂ ವಾಪಸ್ ಬಂದವು. ಒಂದೆರಡು ಮಾತ್ರ ಮುರಿದವು. ಪುಸ್ತಕದ ಪ್ರಕಾರ ಇಲ್ಲಿಗೆ ಕೇಸು ಮುಗಿಯಿತು. ನಾನು ಒಪ್ಪುವುದಿಲ್ಲ. ಏನೇ ಆದರೂ ಸಾಕಷ್ಟು ತೆಳ್ಳಗಿದ್ದರೆ ಒಂದಿಷ್ಟು ಬಗ್ಗುತ್ತದೆ, ಗಾಜಿನ ಎಳೆಯೂ ಬಗ್ಗುತ್ತದೆ. ಬಗ್ಗಿತು ಅನ್ನುವುದು ಸುಳಿವು, ಸಾಕ್ಷಿ ಅಲ್ಲ.

ಸಿಕ್ಕಿಬಿದ್ದ ಕಬ್ಬಿಣ

ನಗರದ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಳಸಲು ಅವಕಾಶ ಸಿಕ್ಕಿತು. ಕಲ್ಲಿನ ಒಂದು ಸಣ್ಣ ಚೂರನ್ನು ಎಳೆಗಳ ಸಮೇತ ಒಳಗಿಟ್ಟು, ಎಳೆಯೊಂದರ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು, ಹೊರಬರುವ ಎಕ್ಸ್‌ರೇಗಳಿಂದ ಯಾವ ಮೂಲವಸ್ತು ಎಷ್ಟಿದೆ ಅಂತ ಓದಿದೆವು. ಸೀಸ ಇತ್ತು, ಆಂಟಿಮನಿ ಇತ್ತು, ಗಂಧಕ ಇತ್ತು. ಜೊತೆಗೆ ಸುಮಾರು ಶೇ. 3ರಷ್ಟು ಕಬ್ಬಿಣ.

ಜೇಮ್ಸನೈಟ್‌ಗೆ ಬೇಕಾದದ್ದೂ ಹತ್ತಿರ ಹತ್ತಿರ ಅಷ್ಟೇ. ಯಂತ್ರ ನಡೆಸುತ್ತಿದ್ದ ಹುಡುಗ "ಸರ್, ಚೀಟಿ ಸರಿ ಇದೆ" ಅಂದುಬಿಟ್ಟ. ಅಲ್ಲಿಗೇ ನಿಲ್ಲಿಸಿದ್ದರೆ ಒಂದು ತಪ್ಪು ಹೆಸರಿಗೆ ಯಂತ್ರದ ಮುದ್ರೆಯೂ ಬೀಳುತ್ತಿತ್ತು.

ಅನುಮಾನಕ್ಕೆ ಕಾರಣ ಇದು. ಕಿರಣದ ಶಕ್ತಿ 20 ಕಿಲೋವೋಲ್ಟ್ ಇದ್ದರೆ ಎಲೆಕ್ಟ್ರಾನ್‌ಗಳು ಇಂಥ ಭಾರದ ಖನಿಜದಲ್ಲೂ ಎರಡು ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಚೆಗೆ ಇಳಿಯುತ್ತವೆ. ಎಳೆಯ ದಪ್ಪವೇ ಒಂದೆರಡು ಮೈಕ್ರಾನ್. ಅಂದರೆ ಕಿರಣ ಎಳೆಯನ್ನು ದಾಟಿ ಕೆಳಗಿರುವುದನ್ನೂ ಮುಟ್ಟುತ್ತದೆ. ಕೆಳಗೆ ಏನಿತ್ತು? ಪೈರೈಟ್. ಅದು ಕಬ್ಬಿಣ ಮತ್ತು ಗಂಧಕದ ಖನಿಜ. ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಕಬ್ಬಿಣವೇ.

ಸೂಜಿಯ ತುದಿಯಿಂದ ಕೆಲವು ಎಳೆಗಳನ್ನು ಎತ್ತಿ, ಕಲ್ಲಿನಿಂದ ದೂರ, ಇಂಗಾಲದ ಅಂಟುಪಟ್ಟಿಯ ಮೇಲೆ ಇಟ್ಟು ಮತ್ತೆ ಓದಿದೆವು. ಕಬ್ಬಿಣ ಹೋಯಿತು. ಮೂಲ ಚೂರಿನ ಮೇಲೆ ಮೂಲವಸ್ತುಗಳ ನಕ್ಷೆ ತೆಗೆದಾಗ ಕಬ್ಬಿಣ ಪೈರೈಟ್ ಕಣಗಳಲ್ಲಿ ಮಾತ್ರ ಹೊಳೆಯಿತು, ಎಳೆಗಳು ಕತ್ತಲಾಗಿ ಕಂಡವು.

ಈ ಯಂತ್ರದಲ್ಲಿ ಇನ್ನೂ ಎರಡು ತೊಡಕು ಇವೆ. ಸೀಸದ ಸಲ್ಫೈಡ್ ಓದುವವರು ತಿಳಿದಿರಲೇಬೇಕು. ಗಂಧಕದ ಮುಖ್ಯ ಎಕ್ಸ್‌ರೇ 2.31 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬರುತ್ತದೆ. ಸೀಸದ ಒಂದು ಪ್ರಬಲ ಗೆರೆ 2.34ರ ಆಸುಪಾಸಿನಲ್ಲಿ. ಈ ಬಗೆಯ ಶೋಧಕಕ್ಕೆ ಎರಡನ್ನೂ ಬಿಡಿಸುವ ಶಕ್ತಿ ಇಲ್ಲ, ಒಂದೇ ಗುಡ್ಡೆಯಾಗಿ ಕಾಣುತ್ತವೆ. ಸಾಫ್ಟ್‌ವೇರ್ ಲೆಕ್ಕ ಹಾಕಿ ಹಂಚುತ್ತದೆ. ಆ ಹಂಚಿಕೆಯನ್ನು ಕಣ್ಣು ಮುಚ್ಚಿ ನಂಬಬಾರದು. ಸೀಸಕ್ಕೆ 10.55ರಲ್ಲಿ ಇನ್ನೊಂದು ಗೆರೆ ಇದೆ. ಅದನ್ನು ಎಬ್ಬಿಸಲು 13ಕ್ಕಿಂತ ಹೆಚ್ಚು ಕಿಲೋವೋಲ್ಟ್ ಬೇಕು, ಚೆನ್ನಾಗಿ ಕಾಣಬೇಕಾದರೆ 20 ದಾಟಿದರೆ ಒಳ್ಳೆಯದು. ನಾವು ಸೀಸದ ಲೆಕ್ಕ ತೆಗೆದದ್ದು ಅದರಿಂದ. ಹಾಗೆಯೇ ಆಂಟಿಮನಿಯ 3.60 ಮತ್ತು ಕ್ಯಾಲ್ಸಿಯಂನ 3.69 ಒಂದರ ಮೇಲೊಂದು ಬೀಳುತ್ತವೆ. ಎಳೆಗೆ ಕ್ಯಾಲ್ಸೈಟ್ ಪುಡಿ ಅಂಟಿದ್ದರೆ ಇಲ್ಲದ ಆಂಟಿಮನಿ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಪುಡಿ ಇಲ್ಲದ ಎಳೆಗಳನ್ನು ಆರಿಸಿಕೊಂಡೆವು.

ಕೊನೆಗೆ ಸೀಸಕ್ಕೂ ಆಂಟಿಮನಿಗೂ ಇರುವ ಪರಮಾಣು ಅನುಪಾತ 1.2ರ ಆಸುಪಾಸಿಗೆ ಬಂತು. ಬೂಲಾಂಜರೈಟ್‌ಗೆ 1.25 ಇರಬೇಕು. ಜೇಮ್ಸನೈಟ್‌ಗೆ 0.67. ಜೇಮ್ಸನೈಟ್ ಅಲ್ಲ ಅನ್ನುವುದು ಇಲ್ಲಿಗೆ ಖಚಿತವಾಯಿತು.

ಆದರೆ ಬೂಲಾಂಜರೈಟ್ ಹೌದು ಅನ್ನುವುದು ಇನ್ನೂ ಆಗಿರಲಿಲ್ಲ. ಇದೇ ಗುಂಪಿನ ಸೆಮ್ಸೇಯೈಟ್‌ನಲ್ಲಿ 9 ಸೀಸಕ್ಕೆ 8 ಆಂಟಿಮನಿ, ಅನುಪಾತ 1.125. ನಮ್ಮ ಓದಿನ ತಪ್ಪಿನ ಅಂತರದೊಳಗೆ ಎರಡೂ ಬರುತ್ತವೆ. ಸೆಮ್ಸೇಯೈಟ್ ಸಾಮಾನ್ಯವಾಗಿ ಬಿಲ್ಲೆ ಬಿಲ್ಲೆಯಾಗಿ ಬೆಳೆಯುವುದು, ಎಳೆಯಾಗಿ ಅಲ್ಲ. ಆದರೂ ರೂಪ ನೋಡಿ ಹೆಸರು ಕೊಟ್ಟದ್ದರಿಂದಲೇ ಅಲ್ವಾ ಈ ಗೋಜಲು ಹುಟ್ಟಿದ್ದು?

ಎಕ್ಸ್‌ರೇ ಡಿಫ್ರಾಕ್ಷನ್

ಹರಳಿನ ಒಳಗಿನ ಪದರಗಳ ಅಂತರ ಅಳೆಯುವುದೇ ಇದಕ್ಕೆ ದಾರಿ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟರೆ ಒಂದೊಂದು ಅಂತರಕ್ಕೂ ಒಂದೊಂದು ಕೋನದಲ್ಲಿ ಕಿರಣ ಬಲವಾಗಿ ಹೊರಬರುತ್ತದೆ, ನಕ್ಷೆಯಲ್ಲಿ ಅದು ಶಿಖರವಾಗಿ ಕಾಣುತ್ತದೆ. ಉದುರಿದ ಎಳೆಗಳನ್ನು ಆರಿಸಿ ಅಗೇಟ್ ಕುಟ್ಟಣಿಯಲ್ಲಿ ಒಂದು ಚಿಟಿಕೆಯಷ್ಟು ಪುಡಿ ಮಾಡಿದೆವು. ಎಳೆ ಖನಿಜದ ಪುಡಿಯಲ್ಲಿ ಒಂದು ರಗಳೆ ಇದೆ. ಸೂಜಿಗಳೆಲ್ಲ ಒಂದೇ ಥರ ಮಲಗಿಬಿಡುತ್ತವೆ. ಹಾಗಾದರೆ ಕೆಲವು ಶಿಖರಗಳು ಉಬ್ಬುತ್ತವೆ, ಕೆಲವು ಮಾಯವಾಗುತ್ತವೆ. ಒತ್ತಿ ಸಮ ಮಾಡದೆ ಪುಡಿಯನ್ನು ಉದುರಿಸಿ ಇಟ್ಟರೆ ಇದು ಸ್ವಲ್ಪ ಕಮ್ಮಿಯಾಗುತ್ತದೆ.

ಬೂಲಾಂಜರೈಟ್‌ನ ಅತಿ ಪ್ರಬಲ ಅಂತರ 3.73 ಆಂಗ್‌ಸ್ಟ್ರಾಮ್. ತಾಮ್ರದ ಎಕ್ಸ್‌ರೇ ಟ್ಯೂಬ್ ಇರುವ ಯಂತ್ರದಲ್ಲಿ ಅದು 23.8 ಡಿಗ್ರಿಯಲ್ಲಿ ಕಾಣಬೇಕು. ಜೇಮ್ಸನೈಟ್‌ನದು 3.44, ಅಂದರೆ 25.9 ಡಿಗ್ರಿ. ನಮ್ಮ ಪುಡಿಯಲ್ಲಿ 23.8ರಲ್ಲಿ ಎತ್ತರದ ಶಿಖರ ಬಂತು, 2.82 ಆಂಗ್‌ಸ್ಟ್ರಾಮ್‌ನದೂ ಬಂತು. ಎಲ್ಲ ಸರಿ. ಆದರೆ 26 ಡಿಗ್ರಿಯ ಹತ್ತಿರ ಒಂದು ಚಿಕ್ಕ ಶಿಖರವೂ ಇತ್ತು.

ಹಾಗಾದರೆ ಜೇಮ್ಸನೈಟ್ ಕೂಡ ಬೆರೆತಿದೆಯಾ? ಇಲ್ಲಿ ಗಲೀನಾವನ್ನು ನೆನಪಿಸಿಕೊಳ್ಳಬೇಕು. ಅದರ ಒಂದು ಅಂತರ 3.43 ಆಂಗ್‌ಸ್ಟ್ರಾಮ್, 26.0 ಡಿಗ್ರಿ. ಜೇಮ್ಸನೈಟ್‌ನ ಶಿಖರದ ಮಗ್ಗುಲಲ್ಲೇ ಕೂರುತ್ತದೆ. ಬೇರೆ ಮಾಡುವ ದಾರಿ ಸುಲಭ. ಗಲೀನಾ ಆಗಿದ್ದರೆ ಅದರ ಅತಿ ಪ್ರಬಲ ಶಿಖರ 30.1 ಡಿಗ್ರಿಯಲ್ಲೂ ಕಾಣಬೇಕು, ಅದೂ ಇನ್ನಷ್ಟು ಎತ್ತರವಾಗಿ. ಕಂಡಿತು. ಪುಡಿಯಲ್ಲಿ ಗಲೀನಾದ ಕಣ ಸೇರಿಕೊಂಡಿತ್ತು, ಅಷ್ಟೇ. ಕ್ಯಾಲ್ಸೈಟ್‌ನ 29.4 ಡಿಗ್ರಿಯ ಶಿಖರ ಮಾತ್ರ ನಮಗೆ ಉಪಕಾರವನ್ನೇ ಮಾಡಿತು. ಅದು ತನ್ನ ಜಾಗದಲ್ಲೇ ನಿಂತಿದ್ದರಿಂದ ಯಂತ್ರದ ಕೋನ ಸರಿಯಿದೆ ಅಂತ ಗೊತ್ತಾಯಿತು.

ಮೈಕ್ರೋಸ್ಕೋಪ್ ಮತ್ತು ಡಿಫ್ರಾಕ್ಷನ್ ಎರಡೂ ಸೇರಿದ ಮೇಲೆ ಬೂಲಾಂಜರೈಟ್ ಅಂತ ಬರೆಯಲು ನನಗೆ ಹಿಂಜರಿಕೆ ಉಳಿಯಲಿಲ್ಲ.

ಊರು ಹೇಳುವ ಕತೆ

ತ್ರೆಪ್ಚಾ ಇರುವುದು ಇಂದಿನ ಕೊಸೊವೊದ ಉತ್ತರದಲ್ಲಿ, ಮಿತ್ರೊವಿತ್ಸಾ ಪಟ್ಟಣದ ಹತ್ತಿರ. 1920ರ ದಶಕದ ಕೊನೆಗೆ ಬ್ರಿಟಿಷ್ ಕಂಪನಿಯೊಂದು ಅಲ್ಲಿ ಹೊಸದಾಗಿ ಗಣಿ ಶುರು ಮಾಡಿತು. ಸೀಸ, ಸತು, ಬೆಳ್ಳಿಯ ಅದಿರು. ಸುಣ್ಣದ ಕಲ್ಲಿನೊಳಗೆ ಬಿಸಿ ದ್ರಾವಣ ನುಗ್ಗಿ, ಕಲ್ಲನ್ನು ಕರಗಿಸಿ, ಆ ಜಾಗದಲ್ಲಿ ಅದಿರು ಕೂತಿದೆ. ಮಧ್ಯೆ ಮಧ್ಯೆ ಖಾಲಿ ಗುಹೆಗಳು ಉಳಿದಿವೆ. ಎಳೆ ಖನಿಜಕ್ಕೆ ಇಂಥ ಖಾಲಿ ಜಾಗವೇ ಬೇಕು. ಅದಿರಿನ ದ್ರಾವಣ ತಣ್ಣಗಾಗುತ್ತ ಬರುವ ಕೊನೆಯ ಹಂತದಲ್ಲಿ, ಉಳಿದ ಸೀಸ ಮತ್ತು ಆಂಟಿಮನಿ ಸೇರಿ ಗೋಡೆಯ ಮೇಲೆ ಎಳೆಗಳಾಗಿ ಬೆಳೆಯುತ್ತವೆ. ಮೆಕ್ಸಿಕೊದ ಸಕಾಟೆಕಾಸ್, ಚೆಕ್ ದೇಶದ ಪ್ರಿಬ್ರಾಮ್, ಇಟಲಿಯ ಬೊಟ್ಟೀನೊ ಗಣಿಗಳಲ್ಲೂ ಬೂಲಾಂಜರೈಟ್ ಸಿಕ್ಕಿದೆ. ಜೊತೆಗಾರರು ಎಲ್ಲ ಕಡೆ ಹೆಚ್ಚುಕಮ್ಮಿ ಅವರೇ: ಗಲೀನಾ, ಸತುವಿನ ಅದಿರಾದ ಸ್ಫಾಲರೈಟ್, ಪೈರೈಟ್, ಬೆಣಚುಕಲ್ಲು, ಕಾರ್ಬೊನೇಟ್‌ಗಳು.

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ, ನಮ್ಮ ಬೆಂಗಳೂರಲ್ಲಿ ಯಾಕಿಲ್ಲ? ಲಾಲ್‌ಬಾಗ್ ಬಂಡೆ ಹತ್ತಿ ನೋಡಿದರೆ ಉತ್ತರ ಅಲ್ಲೇ ಇದೆ. ಅದು ಸುಮಾರು 300 ಕೋಟಿ ವರ್ಷದ ಗ್ನೈಸ್. ಭೂಮಿಯ ಆಳದಲ್ಲಿ ಬೆಂದು, ಒತ್ತಿ, ಗಟ್ಟಿಯಾದದ್ದು. ಖಾಲಿ ಗುಹೆ ಇಲ್ಲ, ಸೀಸದ ಅದಿರಿಲ್ಲ, ತಣ್ಣಗಾಗುವ ಲೋಹದ ದ್ರಾವಣ ಹರಿದ ಗುರುತೂ ಇಲ್ಲ. ಭಾರತದಲ್ಲಿ ಸೀಸ ಮತ್ತು ಆಂಟಿಮನಿಯ ಸಲ್ಫೋಸಾಲ್ಟ್‌ಗಳನ್ನು ನೋಡಬೇಕಾದರೆ ರಾಜಸ್ಥಾನದ ರಾಜಪುರಾ ದರೀಬಾ ಗಣಿಯ ಅದಿರು ನೋಡಬೇಕು. ಆದರೆ ಅಲ್ಲಿ ಅವು ಅದಿರಿನ ಒಳಗೆ ಬೆರೆತಿರುವುದೇ ಜಾಸ್ತಿ, ಕಪಾಟಿನಲ್ಲಿಟ್ಟು ತೋರಿಸುವಂಥ ಎಳೆಯ ಮುದ್ದೆಯಲ್ಲ.

ಕಾರ್ಡು, ಪರೀಕ್ಷೆ, ಬೆಲೆ

ಹೊಸ ಕಾರ್ಡಿನಲ್ಲಿ ಹೀಗೆ ಬರೆದೆವು. ಬೂಲಾಂಜರೈಟ್, ಕ್ಯಾಲ್ಸೈಟ್, ಪೈರೈಟ್ ಮತ್ತು ಗಲೀನಾ ಜೊತೆ. ತ್ರೆಪ್ಚಾ, ಕೊಸೊವೊ; ಊರಿನ ಹೆಸರು ಹಳೆಯ ಚೀಟಿಯ ಪ್ರಕಾರ. ಗುರುತಿಸಿದ್ದು ಬಿಡಿ ಎಳೆಗಳ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಓದು ಮತ್ತು ಪುಡಿಯ ಎಕ್ಸ್‌ರೇ ಡಿಫ್ರಾಕ್ಷನ್‌ನಿಂದ. ಹೆಸರಿನ ಜೊತೆ ಯಾವ ಪರೀಕ್ಷೆ ಮಾಡಿದ್ದು ಅಂತ ಬರೆಯುವುದು ನನ್ನ ಹಟ. ಪರೀಕ್ಷೆಯ ಹೆಸರಿಲ್ಲದ ಚೀಟಿ ಒಬ್ಬರ ಅಭಿಪ್ರಾಯ ಮಾತ್ರ. ಹಾಗಂತ ಹಳೆಯ ಚೀಟಿಯನ್ನು ಎಸೆಯಲಿಲ್ಲ, ಕಾರ್ಡಿನ ಹಿಂದೆ ಲಕೋಟೆಯಲ್ಲಿ ಇಟ್ಟೆವು. ಖನಿಜದ ಹೆಸರು ತಪ್ಪಾಗಿದ್ದರೂ ಊರಿನ ಹೆಸರಿಗೆ ನಮ್ಮ ಹತ್ತಿರ ಇರುವ ಒಂದೇ ದಾಖಲೆ ಅದು.

ಪರೀಕ್ಷೆಗೆ ಇಡುವ ವಿಷಯದಲ್ಲಿ ಮೇಡಂ ಮತ್ತು ನಾನು ಸ್ವಲ್ಪ ವಾದ ಮಾಡಿದೆವು. ಭೂತಗನ್ನಡಿ ಹಿಡಿದುಕೊಂಡ ಹುಡುಗ ಬೂಲಾಂಜರೈಟ್ ಅಂತ ಬರೆದರೆ ಅದು ಬಾಯಿಪಾಠ, ಗುರುತಿಸಿದ್ದಲ್ಲ ಅಂತ ನನ್ನ ವಾದ. "ಹಾಗಾದ್ರೆ ಇನ್ನೇನು ಬರೀಬೇಕು ಸರ್, ಗೊತ್ತಿಲ್ಲ ಅಂತಾನಾ?" ಅಂತ ಅವರು ಕೇಳಿದರು. ಎಳೆ ರೂಪದ ಸೀಸ ಮತ್ತು ಆಂಟಿಮನಿ ಸಲ್ಫೋಸಾಲ್ಟ್ ಅಂತ ಬರೆದು, ಮುಂದೆ ಯಾವ ಪರೀಕ್ಷೆ ಬೇಕು ಅಂತ ಹೇಳಿದರೆ ಪೂರ್ತಿ ಅಂಕ ಕೊಡೋಣ ಅಂದೆ. ಅವರು ಒಪ್ಪಿದರು. ಆದರೆ ಮಾದರಿಯನ್ನು ಕೈಗೆ ಕೊಡುವುದಿಲ್ಲ, ಗಾಜಿನ ಡಬ್ಬಿಯಲ್ಲೇ ನೋಡಬೇಕು.

ಇದಕ್ಕೆ ಕಾರಣ ಸೊಸೆಯವರ ಮೊದಲ ಪ್ರಶ್ನೆಯಲ್ಲೇ ಇದೆ. ಅರ್ಧಕ್ಕಿಂತ ಜಾಸ್ತಿ ಸೀಸ ಇರುವ ಖನಿಜ ಇದು. ಗಂಧಕದ ಜೊತೆ ಕಟ್ಟಿಕೊಂಡ ಸೀಸ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಕಪಾಟಿನಲ್ಲಿ ಇದ್ದರೆ ಯಾರಿಗೂ ಏನೂ ಆಗದು. ತೊಂದರೆ ಇರುವುದು ಉದುರುವ ಎಳೆ ಮತ್ತು ಪುಡಿಯಲ್ಲಿ. ಅದು ಬೆರಳಿಗೆ ಅಂಟಿ ಬಾಯಿಗೆ ಹೋಗಬಾರದು, ಊದಿ ಉಸಿರಿಗೆ ಎಳೆದುಕೊಳ್ಳಬಾರದು. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು. ಮಕ್ಕಳ ಬಗ್ಗೆ ಆತಂಕ ಇದ್ದರೆ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ ಅಂತ ಅವರಿಗೆ ಹೇಳಿದೆ. ಖನಿಜ ನೋಡಿ ನಾನು ಅದಕ್ಕಿಂತ ಜಾಸ್ತಿ ಹೇಳಲಾರೆ.

ಬೆಲೆಯ ಬಗ್ಗೆ ಅವರಿಗೆ ಅಷ್ಟು ಖುಷಿಯ ಉತ್ತರ ಸಿಗಲಿಲ್ಲ. ಅಪರೂಪ ನಿಜ, ಆದರೆ ಸಂಗ್ರಾಹಕರು ದುಡ್ಡು ಕೊಡುವುದು ಎಳೆಗಳು ಕೆಡದೆ ನಿಂತಿದ್ದರೆ. ಇಲ್ಲಿ ಎಷ್ಟೋ ವರ್ಷ ಹತ್ತಿ ಒತ್ತಿ ಇಟ್ಟದ್ದರಿಂದ ಅರ್ಧ ಎಳೆಗಳು ಮಲಗಿವೆ. ಹತ್ತಿಯ ನಾರು ಅವುಗಳ ನಡುವೆ ಸಿಕ್ಕಿಕೊಂಡಿದೆ. ಚಿಮ್ಮಟದಿಂದ ತೆಗೆಯಲು ಹೋದರೆ ನಾರಿನ ಜೊತೆ ಖನಿಜವೂ ಬರುತ್ತದೆ. ಹಾಗಾಗಿ ಅದನ್ನು ಹಾಗೇ ಬಿಟ್ಟಿದ್ದೇವೆ. ಇಂಥ ಮಾದರಿ ಯಾರ ಮನೆಯಲ್ಲಾದರೂ ಇದ್ದರೆ ಮೇಲೆ ಏನನ್ನೂ ಮುಚ್ಚಬೇಡಿ. ಕಲ್ಲಿನ ಬುಡವನ್ನು ಮಾತ್ರ ಡಬ್ಬಿಯ ತಳಕ್ಕೆ ಅಂಟಿಸಿ, ಎಳೆಗಳ ಮೇಲೆ ಜಾಗ ಬಿಟ್ಟು ಮುಚ್ಚಳ ಹಾಕಿ.